ಕೌದಿ ರೆಕ್ಕೆಯ ದೇವದೂತೆ

ಪವಿತ್ರಾ, ಮಂಜು, ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೇವದೂತರ ಬಗ್ಗೆ ನನಗೆ ತಿಳಿದಿದ್ದದ್ದೆಲ್ಲ ಟಿವಿಯಲ್ಲಿ ಬರುವ ಸಿನಿಮಾಗಳಿಂದ. ಅಲ್ಲಿ ಮೊದಲು ಹೊಗೆ ಏಳುತ್ತದೆ, ಆಮೇಲೆ ಬಿಳಿ ಗೌನು ತೊಟ್ಟ ಚೆಲುವೆ ಬರುತ್ತಾಳೆ. ಬೆನ್ನಿಗೆ ಕೊಕ್ಕರೆಯ ರೆಕ್ಕೆ, ಕೈಯಲ್ಲಿ ನಕ್ಷತ್ರ ಸಿಕ್ಕಿಸಿದ ಕಡ್ಡಿ. ಅಷ್ಟು ಹೊಗೆಯಲ್ಲಿ ಬಂದರೂ ಒಬ್ಬಳೂ ಕೆಮ್ಮಿದ್ದನ್ನು ನಾನು ಕಾಣೆ. ಇಷ್ಟು ವರ್ಷ ಒಲೆ ಊದಿದವಳಿಗೆ ಅದೇ ದೊಡ್ಡ ಪವಾಡ.

ಹಾಗಾಗಿ ಪವಿತ್ರಾ, ಕೊಟ್ಟೂರಿನ ನಿನ್ನ ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ನಿನಗೆ ದೇವದೂತೆಯ ಪಾತ್ರ ಸಿಕ್ಕಾಗ, ರೆಕ್ಕೆ ನಾನೇ ಹೊಲಿಯುತ್ತೇನೆ ಎಂದುಬಿಟ್ಟೆ. ನನಗೆ ಬರುವುದು ಕೌದಿ ಹೊಲಿಗೆಯೊಂದೇ. ನಿಮ್ಮ ಅಜ್ಜನ ಹಳೆಯ ಧೋತರಗಳನ್ನು ಪದರದ ಮೇಲೆ ಪದರ ಹಾಸಿ ಒತ್ತೊತ್ತಾಗಿ ಹೊಲಿದೆ. ಕೌದಿ ತೆಳ್ಳಗಾದರೆ ಹೊಲಿದವಳಿಗೆ ಅವಮಾನ ಎಂದು ನನ್ನ ಅವ್ವ ಕಲಿಸಿದ್ದಳು. ರೆಕ್ಕೆ ಹೊದೆಯುವ ವಸ್ತುವಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ನಾಟಕದ ಹಿಂದಿನ ದಿನ ಕಟ್ಟಿ ನೋಡಿದರೆ, ನೀನು ಎರಡು ಹೆಜ್ಜೆ ಇಟ್ಟು ಹಿಂದಕ್ಕೆ ಕುಕ್ಕರಿಸಿದೆ.

"ಅಜ್ಜಿ, ಬೆನ್ನು ಜಗ್ತೈತಿ."

"ಅಕ್ಕ ಹಾಸಿಗಿ ಹೊತ್ಕೊಂಡು ಊರಿಗೆ ಹೊಂಟಾಳ" ಎಂದ ಮಂಜು.

ನೀನು ನಗಲಿಲ್ಲ. "ರೆಕ್ಕಿ ಇಲ್ಲಂದ್ರ ಟೀಚರ್ ಬ್ಯಾರೆ ಹುಡುಗೀನ ನಿಲ್ಲಸ್ತಾರ" ಎಂದು ಅಳತೊಡಗಿದೆ. ವಾರವಿಡೀ ಗೋಡೆಯ ಮುಂದೆ ನಿಂತು ಮಾತು ಕಲಿತ ಕೂಸು.

ಪಕ್ಕದ ಮನೆಯ ಗ್ರೇಸಮ್ಮ ನಿವೃತ್ತ ನರ್ಸು, ದಿನಾ ಬೈಬಲ್ ಓದುವವಳು. ಅವಳ ಹತ್ತಿರ ಓಡಿದೆ. ಅವಳು ಕನ್ನಡಕ ಏರಿಸಿ, ಕುರಿ ಕಾಯುವವರ ಮುಂದೆ ದೇವದೂತ ಬಂದ ಕಥೆಯನ್ನು ಓದಿದಳು. ಬೆಳಕಿತ್ತು, ಹೆದರಬೇಡಿರಿ ಎಂಬ ಮಾತಿತ್ತು. ರೆಕ್ಕೆಯ ಸುದ್ದಿಯೇ ಇಲ್ಲ.

"ಮತ್ತ ಸಿನಿಮಾದಾಗ?"

"ಸಿನಿಮಾದಾಗ ನರ್ಸಮ್ಮಗೋಳು ಪೇಷಂಟ್ ಮುಂದ ಹಾಡು ಹೇಳ್ತಾರ. ನಾ ಯಾವತ್ತರ ಹಾಡೀನೇನ್ರಿ, ಅಕ್ಕಾರ?"

ರೆಕ್ಕೆಯವರೂ ಇದ್ದಾರಂತೆ. ಒಬ್ಬೊಬ್ಬರಿಗೆ ಆರು. ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಎರಡರಿಂದ ಕಾಲು, ಉಳಿದೆರಡರಿಂದ ಹಾರಾಟ. ನನ್ನಂಥ ನಾಚಿಕೆಯವರು ಅಲ್ಲೂ ಇದ್ದಾರೆಂದು ಸಮಾಧಾನವಾಯಿತು. ಇನ್ನೊಬ್ಬ ದೂತನಂತೂ ದಣಿದು ಮಲಗಿದವನನ್ನು ತಟ್ಟಿ, ಏಳು, ಊಟ ಮಾಡು ಎಂದನಂತೆ. ಪಕ್ಕದಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಆ ಕೆಲಸಕ್ಕೆ ಗೌನು ಬೇಕಿಲ್ಲ, ನೋಡಿ.

ಆದರೆ ಇದನ್ನೆಲ್ಲ ಟೀಚರಿಗೆ ಹೇಳುವವರು ಯಾರು? "ನೀವ ಹೋಗ್ರಿ, ನಿಮ್ಮ ಮೊಮ್ಮಗಳು" ಎಂದಳು ಗ್ರೇಸಮ್ಮ. ಮರುದಿನ ನಾಟಕಕ್ಕೆ ಮೊದಲೇ ಶಾಲೆಗೆ ಹೋದೆ. ಟೀಚರ್ ಎದುರಿಗೆ ಬಂದರು. ನಾನು ಕಲಿತದ್ದು ಊರ ಶಾಲೆಯ ಏಳನೆಯ ತರಗತಿ. ಈ ವಯಸ್ಸಿನಲ್ಲೂ ಟೀಚರನ್ನು ಕಂಡರೆ ನನ್ನ ನಾಲಿಗೆ ಅಂಟಿಕೊಳ್ಳುತ್ತದೆ. ಕಂಬದ ಪಕ್ಕ ನಿಂತು, ಪವಿತ್ರಾ, ನಿನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದೆ. ತಪ್ಪು ನನ್ನದು, ಮಗುವಿನದಲ್ಲ ಎಂದು ಶುರುಮಾಡಿ, ಕುರಿಯವರು, ಬೆಳಕು, ರೊಟ್ಟಿ, ಎಲ್ಲ ಬರೆದು ಕೊಟ್ಟೆ. ಹಾಳೆಯ ಎರಡೂ ಮಗ್ಗುಲು ತುಂಬಿತ್ತು.

ಟೀಚರ್ ನಿಂತಲ್ಲೇ ಓದಿದರು. "ಅಜ್ಜಿ, ಬಾಯಿಲೆ ಇಷ್ಟು ಹೇಳಿದ್ರ ಗಂಟಿ ಹೊಡೀತಿತ್ತು. ಬರೆದದ್ದು ಚಲೋ ಆತು" ಎಂದು ನಕ್ಕು, "ರೆಕ್ಕಿ ಇಲ್ಲದನ ನಿಲ್ಲಲಿ" ಎಂದರು.

ಬಿಳಿ ಲಂಗದಲ್ಲಿ ನಿಂತು ನೀನು "ಹೆದರಬೇಡಿರಿ" ಎಂದು ಎಷ್ಟು ಜೋರಾಗಿ ಕೂಗಿದೆಯೆಂದರೆ, ಕುರಿಯಾಗಿದ್ದ ಇಬ್ಬರು ಮಕ್ಕಳು ಹೆದರಿ ತಮ್ಮ ಅವ್ವಂದಿರ ಹತ್ತಿರ ಓಡಿದರು. ಬೈಬಲಿನಲ್ಲೂ ಮೊದಲು ಎಲ್ಲರೂ ಹೆದರುತ್ತಾರಂತೆ.

ಟೀಚರ್ ಆ ಹಾಳೆಯನ್ನು ತಿರುಗಿ ಕೊಡಲಿಲ್ಲ. ಅವತ್ತಿನಿಂದ ನನಗೆ ಬರೆಯುವ ಚಟ ಹತ್ತಿದೆ. ಬಾಯಿ ಇಲ್ಲದವಳೆಂದು ಹೆಸರಾದವಳು ಈಗ ನಿಲ್ಲಿಸುವುದನ್ನೇ ಅರಿಯೆ. ಈ ಹಾಳೆಗಳನ್ನಾದರೂ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ನಿಮ್ಮ ಅವ್ವ ಇದರಲ್ಲಿ ಚಟ್ನಿಪುಡಿ ಕಟ್ಟದಂತೆ ನೋಡಿಕೊಳ್ಳಿ. ಅವಳಿಗೆ ನಾನೇ ಹೇಳಬಹುದಿತ್ತು, ಆದರೆ ಎದುರಿಗೆ ನಿಂತು ಹೇಳಲು ನಾಚಿಕೆ.