ಒಂದೇ ಬಟ್ಟೆಯ ಮೂರು ಅಂಗಿ

ಒಂದೇ ಬಟ್ಟೆಯಲ್ಲಿ ಮೂರು ಅಂಗಿ ಹೊಲಿದದ್ದೇ ತಪ್ಪಾಯಿತು.

ಏಳು ದಿನದ ಪಾದಯಾತ್ರೆಗೆ ಹೊರಟ ಗೆಳೆಯರೆಲ್ಲ ಒಂದೇ ಬಣ್ಣದಲ್ಲಿ ಮಿಂಚಲಿ ಎಂದು ದರ್ಜಿ ಹುಮ್ಮಸ್ಸಿನಿಂದ ಹೊಲಿದಿದ್ದ. ಒಂದು ತನಗೆ, ಒಂದು ನಿವೃತ್ತ ಮೇಷ್ಟ್ರಿಗೆ, ಇನ್ನೊಂದು ಗಡಿಯಾರ ರಿಪೇರಿಯ ಗೆಳೆಯನಿಗೆ. ದಿನವಿಡೀ ಕೂತೇ ಕೆಲಸ ಮಾಡುವ ದರ್ಜಿಗೂ ವಾಚಿನವನಿಗೂ ಹೊಟ್ಟೆಯ ಸುತ್ತಳತೆ ಒಂದೇ. ಪ್ರತಿ ಅಂಗಿಗೂ ಒಳಗೊಂದು ಕಳ್ಳಜೇಬು. ಛತ್ರದಿಂದ ಛತ್ರಕ್ಕೆ ಮುದ್ರೆ ಒತ್ತಿಸುವ ಯಾತ್ರೆಯ ಪುಸ್ತಕ ಅದರಲ್ಲಿ ಭದ್ರ. ವಾಚಿನವನು ಮಾತ್ರ ತನ್ನ ಪುಸ್ತಕವನ್ನು ಹೆಗಲ ಚೀಲದಲ್ಲೇ ಇಟ್ಟುಕೊಂಡಿದ್ದ.

ಹೊರಡುವಾಗಲೇ ದರ್ಜಿಯ ಹೆಂಡತಿ ಷರತ್ತು ಹಾಕಿದ್ದಳು.

"ರೀ, ಮೂಲೆ ಅಂಗಡಿಗೂ ಸ್ಕೂಟರ್ ಹತ್ತೋರು ನೀವು. ಏಳೂ ಮುದ್ರೆ ಬೀಳ್ಬೇಕು, ದಾರೀಲಿ ಗಾಲಿ ಇರೋ ಯಾವುದನ್ನೂ ಹತ್ತಿಲ್ಲ ಅಂತ ಮೇಷ್ಟ್ರು ಹೇಳ್ಬೇಕು. ಇಲ್ದಿದ್ರೆ ಸ್ಕೂಟರ್ ನನ್ ತಮ್ಮನಿಗೆ!"

ದರ್ಜಿ ಆ ಕ್ಷಣವೇ ಸ್ಕೂಟರಿನ ಕೀಯನ್ನೂ ಕಳ್ಳಜೇಬಿಗೆ ಇಳಿಸಿದ್ದ. ಬಾಮೈದನನ್ನು ನಂಬುವಂತಿರಲಿಲ್ಲ.

ಏಳನೆಯ ದಿನ ಬೆಳಕು ಹರಿಯುತ್ತಲೇ ಮೂವರೂ ಹಾಡುತ್ತ ಹೊರಟರು. ಇನ್ನು ಇಪ್ಪತ್ತನಾಲ್ಕೇ ಕಿಲೋಮೀಟರ್, ಒಂದೇ ಮುದ್ರೆ! ಒಂಬತ್ತು ಕಿಲೋಮೀಟರ್ ಮುಗಿಸಿ ನೀರು ಕುಡಿಯಲು ನಿಂತಾಗ ದರ್ಜಿ ಎದೆ ಮುಟ್ಟಿ ನೋಡಿಕೊಂಡ. ಜೇಬು ಖಾಲಿ. ಪುಸ್ತಕವೂ ಇಲ್ಲ, ಕೀಯೂ ಇಲ್ಲ.

ಮೇಷ್ಟ್ರಿಗೆ ಹೇಳಿದರೆ ಅರ್ಧ ಗಂಟೆ ಪಾಠ ಗ್ಯಾರಂಟಿ. "ಹೊಟ್ಟೆ ಸರಿಯಿಲ್ಲ ಮೇಷ್ಟ್ರೇ, ನೀವು ನಡೀತಿರಿ" ಎಂದು ಪೊದೆಯ ಮರೆಗೆ ಸರಿದ. ಅವರು ತಿರುವು ದಾಟಿದ್ದೇ ತಡ, ಖಾಲಿ ಕ್ಯಾನುಗಳೊಂದಿಗೆ ವಾಪಸಾಗುತ್ತಿದ್ದ ಹಾಲಿನ ವ್ಯಾನಿಗೆ ಕೈ ಅಡ್ಡ ಹಿಡಿದ. ಹಿಂದಕ್ಕೆ ಹೋಗುವ ಸವಾರಿ ಯಾವ ಲೆಕ್ಕಕ್ಕೂ ಇಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ರಾತ್ರಿ ತಂಗಿದ್ದ ಛತ್ರದಲ್ಲಿ ಸುದ್ದಿ ಕೇಳಿದ್ದೇ ಎಲ್ಲರೂ ಟೊಂಕ ಕಟ್ಟಿ ನಿಂತರು. ಹಾಸಿಗೆಗಳನ್ನು ಕೊಡವಿದರು, ಬಕೆಟ್‌ಗಳನ್ನು ಬೋರಲು ಹಾಕಿದರು. ಮಲಗಿದ್ದ ಅಜ್ಜನೊಬ್ಬನನ್ನೂ ಎತ್ತಿ ಕೆಳಗೆ ನೋಡಿದರು. ಒಂದು ಗಂಟೆಯ ನಂತರ ಒಬ್ಬಾಕೆ, "ಅಣ್ಣಾ, ನಿನ್ನೆ ರಾತ್ರಿ ಇಂಥದ್ದೇ ಅಂಗಿ ಇನ್ನೆರಡು ಹಗ್ಗದ ಮೇಲಿದ್ವಲ್ಲ, ಇದು ನಿಮ್ದೇನಾ?" ಎಂದಳು.

ದರ್ಜಿ ಕಾಲರ್ ತಿರುಗಿಸಿ ನೋಡಿಕೊಂಡ. ವಾಚಿನವನು ದಿನಾ ಕುತ್ತಿಗೆಗೆ ಹಚ್ಚಿಕೊಳ್ಳುವ ನೋವಿನ ಮುಲಾಮು ಘಮ್ಮೆಂದಿತು. ಪುಸ್ತಕ ಬೆಳಿಗ್ಗೆಯಿಂದ ಅವನ ಮುಂದೆಯೇ ನಡೆದುಕೊಂಡು ಹೋಗುತ್ತಿತ್ತು!

ಬಿದ್ದೆನೋ ಎದ್ದೆನೋ ಎಂದು ಓಡಿದ. ಈಗ ಇಪ್ಪತ್ತನಾಲ್ಕು ಕಿಲೋಮೀಟರೂ ಹೊಸದಾಗಿ. ವ್ಯಾನು, ಜೀಪು, ಕಡೆಗೆ ಎತ್ತಿನ ಗಾಡಿಯವನೂ ಕರೆದ. ದರ್ಜಿ ಯಾವುದನ್ನೂ ಹತ್ತಲಿಲ್ಲ. ಆರು ಗಂಟೆಗೆ ಮುಚ್ಚುವ ಮುದ್ರೆಯ ಕಿಟಕಿಯ ಮುಂದೆ ಆರಕ್ಕೆ ಐದು ನಿಮಿಷವಿದ್ದಾಗ ಬಂದು ಕುಸಿದ.

ಹೆಂಡತಿ ಬಸ್ಸಿನಲ್ಲಿ ಬಂದು ಕಾಯುತ್ತಿದ್ದಳು. ಪಕ್ಕದಲ್ಲಿ ಬಾಮೈದ, ಕೈಯಲ್ಲಿ ಹೆಲ್ಮೆಟ್.

"ಪುಸ್ತಕ!" ಎಂದು ದರ್ಜಿ ವಾಚಿನವನ ಎದೆಗೇ ಕೈ ಹಾಕಿದ. ಪುಸ್ತಕ ಸಿಕ್ಕಿತು, ಏಳನೆಯ ಮುದ್ರೆ ಧಡ್ ಎಂದು ಬಿತ್ತು! ವಾಚಿನವನು ಅವನನ್ನು ತಬ್ಬಿಕೊಂಡು ಕುಣಿದ. ಹೆಂಡತಿಯ ಕಣ್ಣೂ ಒದ್ದೆಯಾಯಿತು.

"ಗಾಲಿ ಹತ್ತಿಲ್ಲ ತಾನೇ ಮೇಷ್ಟ್ರೇ?"

"ಖಂಡಿತ ಇಲ್ಲಮ್ಮ. ಹೊಟ್ಟೆ ಕೆಟ್ಟು ಹಿಂದೆ ಉಳಿದ್ರೂ ನಡ್ಕೊಂಡೇ ಬಂದ. ನಾನೇ ಸಾಕ್ಷಿ."

ಅಷ್ಟರಲ್ಲಿ ಸಂಜೆಯ ಹಾಲಿನ ವ್ಯಾನು ಬಂದು ನಿಂತಿತು. ಡ್ರೈವರು ಕತ್ತು ಹೊರಹಾಕಿ ಕಳಕಳಿಯಿಂದ ಕೇಳಿದ:

"ಅಣ್ಣಾ, ಬೆಳಿಗ್ಗೆ ನನ್ ವ್ಯಾನಲ್ಲಿ ಬಂದ್ರಲ್ಲ, ಪುಸ್ತಕ ಸಿಕ್ತಾ?"

ಎಲ್ಲರೂ ದರ್ಜಿಯ ಕಡೆ ತಿರುಗಿದರು.

"ಹಿಂದಕ್ಕೆ ಹೋಗಿದ್ದು ಮೇಷ್ಟ್ರೇ! ನಿಮಗಿಂತ ಒಂಬತ್ತು ಕಿಲೋಮೀಟರ್ ಜಾಸ್ತಿ ನಡೆದಿದೀನಿ!"

"ಗಾಲಿಗೆ ಹಿಂದೆ ಮುಂದೆ ಅಂತ ಇರಲ್ಲಪ್ಪ" ಎಂದರು ಮೇಷ್ಟ್ರು.

"ಕೀ ಕೊಡಿ ಭಾವ" ಎಂದ ಬಾಮೈದ.

ದರ್ಜಿ ಖಾಲಿ ಕಳ್ಳಜೇಬನ್ನು ಹೊರಗೆಳೆದು ತೋರಿಸಿದ. "ಕೀ ಕಳೆದುಹೋಯ್ತಪ್ಪ. ಎಲ್ಲಿ ಬಿತ್ತೋ ಏನೋ."

"ಅಯ್ಯೋ, ಗಾಬರಿ ಬೇಡ ಮಾರಾಯ!" ವಾಚಿನವನು ತನ್ನ ಎದೆ ತಡಕಾಡಿ, ನಗುನಗುತ್ತ ಕೀ ತೆಗೆದು ಬಾಮೈದನ ಕೈಗಿಟ್ಟ. "ಇದೂ ನನ್ ಹತ್ರಾನೇ ಇದೆ!"