ಅನ್ನ ಇಳಿಯದ ಹೊಟ್ಟೆ

"ಉಂಡ ಕೂಡಲೇ ಅಡ್ಡಾಗಬ್ಯಾಡ್ರಿ. ಅನ್ನ ಕೆಳಗಿಳೀಲಿ."

ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು. ಅಂದು ಮಲಗಿದವಳು ಏಳಲಿಲ್ಲ. ಆಮೇಲೆ ನನಗೆ ಅನ್ನ ಇಳಿಯುವುದೇ ನಿಂತಿತು. ನಾನು ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊರುವವನು. ಉಣ್ಣದಿದ್ದರೆ ಚೀಲ ಏಳುವುದಿಲ್ಲ. ಮೈ ಇಳಿಯಿತು. ಕಂಡವರೆಲ್ಲ ಡಾಕ್ಟರಾದರು. ಹೊಟ್ಟೆ ಕೆಟ್ಟವನ ಸುತ್ತ ಇಂಥವು ನಡೆಯುತ್ತಲೇ ಇರುತ್ತವೆ.

ಚೊಂಬು

ಹೊಕ್ಕುಳದ ನರ ಜಾಗ ಬಿಟ್ಟು ಸರಿದರೆ ನಮ್ಮ ಕಡೆ 'ಬಟ್ಟಿ ಬಿತ್ತು' ಅನ್ನುತ್ತಾರೆ. ಓಣಿಯ ಆಯಿ ನನ್ನ ಹೊಟ್ಟೆ ಒತ್ತಿ ನೋಡಿದಳು.

"ಬಟ್ಟಿ ಬಿದ್ದೈತಿ ತಮ್ಮಾ. ಅಲುಗಾಡಬ್ಯಾಡ."

ಹೊಕ್ಕುಳದ ಮೇಲೆ ಸಣ್ಣ ದೀಪ ಇಟ್ಟು, ಚೊಂಬು ಬೋರಲು ಹಾಕಿದಳು. ದೀಪ ಆರಿತು. ಚೊಂಬು ಹೊಟ್ಟೆಗೆ ಕಚ್ಚಿಕೊಂಡಿತು. ಆಯಿ ಎಳೆದಳು. ಪಕ್ಕದ ಮನೆಯವನು ಎಳೆದ. ಇಬ್ಬರೂ ಕೂಡಿ ಎಳೆದರು.

ಹೊರಗಿನಿಂದ ಯಾರೋ ಕೇಳಿದರು, "ಬಟ್ಟಿ ಬಂತೇನು?"

"ಬಟ್ಟಿ ಇರಲಿ," ಅಂದೆ. "ಮೊದಲು ಚೊಂಬು ಬರಲಿ."

ಹಗ್ಗ

ಕೊನೆಗೆ ಕೊಪ್ಪಳದ ಡಾಕ್ಟರ ಹತ್ತಿರ ಹೋದೆ. ಮಿಲ್ಲಿನ ಜೊತೆಗಾರ ಒಬ್ಬ ಬೆನ್ನು ಹತ್ತಿ ಬಂದ. ಗೋಡೆಗೆ ಹೊಟ್ಟೆಯ ಚಿತ್ರ ಇತ್ತು. ಡಾಕ್ಟರು ಬೆರಳಿಟ್ಟು ತೋರಿಸಿದರು.

"ಇದು ಅನ್ನನಾಳ. ಇದು ಜಠರ, ಅನ್ನ ಅರೆಯೋದು ಇಲ್ಲಿ. ಮುಂದ ಸಣ್ಣ ಕರುಳು, ಹತ್ತಿರ ಹತ್ತಿರ ಇಪ್ಪತ್ತು ಫೂಟು. ಸಾರ ಹೀರೋದು ಇದ."

ಜೊತೆಗಾರ ಬಾಯಿ ತೆರೆದ. "ಇಪ್ಪತ್ತು ಫೂಟ? ಲಾರಿ ಹಗ್ಗ ಆತಲ್ರಿ! ಎಲ್ಲೋ ಗಂಟು ಬಿದ್ದಿರಬೇಕು."

"ಅದಕ್ಕ ಬಾಯಿಂದ ಪೈಪು ಇಳಿಸಿ ನೋಡೋಣು. ತುದಿಗೆ ಕ್ಯಾಮೆರಾ ಇರತೈತಿ."

ಅವನು ನನ್ನ ಕಡೆ ನೋಡಿದ. "ಇವನಿಗೆ ಅನ್ನಾನ ಇಳಿಯವಲ್ದು. ಕ್ಯಾಮೆರಾ ಇಳೀತೈತೇನ್ರಿ?"

ಊಟ

ಪರೀಕ್ಷೆಯ ದಿನ ಊಟ ಮಾಡದೆ ಬರಲು ಹೇಳಿದ್ದರು. ಹಾಗೇ ಹೋದೆವು. ಡಾಕ್ಟರು ಕೇಳಿದರು.

"ಊಟ ಮಾಡಿಲ್ಲ ಹೌದಿಲ್ಲೋ?"

"ಇಲ್ರಿ."

"ಏನೂ ತಿಂದಿಲ್ಲ?"

"ಬಸ್ ಸ್ಟ್ಯಾಂಡಿನ್ಯಾಗ ಮಂಡಕ್ಕಿ ಒಂದಿಷ್ಟು ಬಾಯಾಡಿಸೀನಿ. ಚಾ ಕುಡಿದೀನಿ. ಊಟ ಮಾಡಿಲ್ರಿ."

ನಮ್ಮಲ್ಲಿ ಊಟ ಅಂದರೆ ರೊಟ್ಟಿ. ಮಂಡಕ್ಕಿ, ಚಾ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಾಕ್ಟರು ಹಿಡಿದರು.

"ಒಳಗ ಮಂಡಕ್ಕಿ ಅಂಗಡಿ ಇಟ್ಕೊಂಡು ಬಂದೀರಿ. ನಾನು ಏನು ನೋಡ್ಲಿ?"

ಜೊತೆಗಾರ ಸಮಾಧಾನ ಹೇಳಿದ. "ಮಂಡಕ್ಕಿ ಹಗುರ ಇರತಾವ್ರಿ ಸಾಹೇಬ್ರ. ಒಂದು ಸಲ ಊದ್ರಿ, ಸರೀತಾವು."

"ನಾಳೆ ಬರ್ರಿ!" ಅಂದರು ಡಾಕ್ಟರು. "ಏನೂ ಬಾಯಿಗೆ ಹಾಕಬ್ಯಾಡ್ರಿ. ನೀರು ಸೈತ."

ಮರುದಿನ

ಇಷ್ಟು ದಿನ ಊರೆಲ್ಲ ಉಣ್ಣು, ಉಣ್ಣು ಅಂದಿತ್ತು. ಹೊಟ್ಟೆ ಕಿವಿಗೊಡಲಿಲ್ಲ. ಉಣ್ಣಬ್ಯಾಡ ಅಂದದ್ದು ಮಾತ್ರ ಅದಕ್ಕೆ ಕೇಳಿಸಿತು. ಬೆಳಗಾಗುವ ಹೊತ್ತಿಗೆ ಗುರ್ ಅಂತಿತ್ತು. ಬಸ್ಸಿಗೆ ಹೋಗಲೆಂದು ಚಪ್ಪಲಿ ಹಾಕಿದೆ. ಬಾಗಿಲ ತನಕ ಹೋದೆ. ಚಪ್ಪಲಿ ಮತ್ತೆ ಕಳಚಿಬಿಟ್ಟೆ.

ಒಲೆ ಹಚ್ಚಿ ಹೆಂಡತಿಯ ಹಂಚು ಇಟ್ಟೆ. ಜೋಳದ ಹಿಟ್ಟು ಕಲಸಿ ಬಡಿದೆ. ಜೀವನದಲ್ಲಿ ನಾನು ಬಡಿದ ಮೊದಲನೇ ರೊಟ್ಟಿ. ದುಂಡಗೆ ಬರಲಿಲ್ಲ, ಅಂಚು ಹರಿಯಿತು, ಒಂದು ಮಗ್ಗುಲು ಕರಕಾಯಿತು. ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಇಳಿಯಿತು.

ಆಸ್ಪತ್ರೆಯಿಂದ ನರ್ಸಮ್ಮ ಫೋನ್ ಮಾಡಿದಳು. "ಯಜಮಾನ್ರ, ಎಲ್ಲಿದ್ದೀರಿ? ಹೊಟ್ಟಿ ಖಾಲಿ ಐತೇನು?"

"ಇಲ್ಲಬೇ ಯವ್ವಾ. ಕ್ಯಾಮೆರಾಕ್ಕ ಜಾಗ ಉಳದಿಲ್ಲ."

ಫೋನ್ ಇಟ್ಟು ಇನ್ನೊಂದು ರೊಟ್ಟಿ ಬಡಿದೆ.