ಕಾಕಾನ ನಾಲ್ಕು ಅಕ್ಷರ

ಇದರಲ್ಲಿ ನಡೆದದ್ದೆಷ್ಟು, ನಾನೇ ಹೇಳಿ ಹೇಳಿ ಬೆಳೆಸಿದ್ದೆಷ್ಟು ಎಂಬುದು ಈಗ ನನಗೂ ತಿಳಿಯದು. ಆದರೆ ನನ್ನ ಚಿಕ್ಕಪ್ಪ, ಅಂದರೆ ಕಾಕಾ, ಇಡೀ ಬೀದರಿನ ಪರವಾಗಿ ಅಳುತ್ತಿದ್ದ, ಅದಂತೂ ಸುಳ್ಳಲ್ಲ!

ನಿಜಾಮರ ಕಾಲ. ಕಚೇರಿಗೆ ಏನು ಹೇಳುವುದಿದ್ದರೂ ಉರ್ದುವಿನಲ್ಲಿ ಬರೆದುಕೊಡಬೇಕು. ಕಚೇರಿಯೆದುರಿನ ಬೇವಿನ ಮರದ ಕೆಳಗೆ ಕೂತು ಕಾಕಾ ಜನರ ಅರ್ಜಿ ಬರೆಯುತ್ತಿದ್ದ. ಒಮ್ಮೆ ಔರಾದಿನ ಮುದುಕಿಯೊಬ್ಬಳ ಎಮ್ಮೆಯನ್ನು, ಯಾರದೋ ಬೆಳೆ ಮೇಯ್ದಿತೆಂದು, ಸರಕಾರಿ ದೊಡ್ಡಿ ಕೊಂಡವಾಡಕ್ಕೆ ಹಾಕಿದ್ದರು. ಕಾಕಾ ಎಮ್ಮೆಯ ಎರಡೂ ಕಣ್ಣುಗಳ ಕಂಬನಿಗೆ ಎರಡು ಪುಟ ಕೊಟ್ಟ.

"ನಮ್ಮ ಎಮ್ಮಿಗಿ ಒಂದೇ ಕಣ್ಣದರೀ!" ಎಂದಳು ಮುದುಕಿ.

"ಸುಮ್ಕಿರು ಯವ್ವಾ. ದುಃಖ ಎಮ್ಮಿಗೂ ಆಗ್ತದ. ಅರ್ಜಿ ಬರೀಲಾಕ ಮನಷ್ಯಾಗ ಅಷ್ಟೇ ಬರ್ತದ. ಅದೇ ಫರಕ್!"

ಎಮ್ಮೆ ಬಿಡುಗಡೆಯಾಯಿತು. ಸಾಹೇಬರು ಆ ಕಣ್ಣು ನೋಡಲೆಂದೇ ಬಂದಿದ್ದರಂತೆ!

ಇಂಥ ಕಾಕಾನಿಗೆ ಕನ್ನಡ ಅಕ್ಷರವೇ ಬಾರದು! ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬರೀ ಉರ್ದು. ಅವನ ಹೆಂಡತಿ ಕಾಕುವಿಗೋ, ಭಾಲ್ಕಿಯ ತವರಿನಲ್ಲಿ ಅಜ್ಜ ಕಲಿಸಿದ ಕನ್ನಡವಷ್ಟೇ ಗೊತ್ತು. ಒಂದು ದಿನ ಅವಳು ಗಂಟು ಕಟ್ಟಿಕೊಂಡು ಭಾಲ್ಕಿಗೆ ಹೊರಟೇಬಿಟ್ಟಳು.

"ಊರ ಎಮ್ಮಿಗೆಲ್ಲ ಬರೀತೀರಿ, ನನಗ ಒಂದು ಸಾಲು ಬರೀಲಿಲ್ಲ. ನಿಮ್ಮ ಕೈಲೆ ಬರೆದ ಕಾಗದ ಬರೋತನಕ ನಾ ಬರಾಕಿ ಅಲ್ಲ!"

ಹೈದರಾಬಾದಿನ ಕಾಲೇಜಿನಲ್ಲಿ ಕನ್ನಡ ಕಲಿತು ರಜೆಗೆ ಬಂದಿದ್ದ ನಾನು, "ಕಾಕಾ, ನಾ ಬರೆದು ಕೊಡ್ಲೇನು?" ಎಂದೆ.

"ಊರವರ ಅಳು ನಾ ಅಳಬಹುದು ತಮ್ಮಾ. ನನ್ನ ಅಳು ನೀ ಹ್ಯಾಂಗ ಅಳ್ತೀ?"

"ಹಂಗಾದ್ರ ಅಕ್ಷರ ಕಲೀರಿ."

"ಅಕ್ಷರ ಯಾಕ? ಭಾಷಾ ಸುಳ್ಳು ಹೇಳ್ತದ, ಚಿತ್ರ ಹೇಳಾಂಗಿಲ್ಲ!"

ಹಾಗೆಂದು ಚಿತ್ರ ಬರೆದು ಕಳಿಸಿದ. ಆರಿದ ಒಲೆ, ಪಕ್ಕದಲ್ಲಿ ಹಸಿದು ಕೂತ ಕಾಕಾ. ಗಾಡಿಯವನ ಕೈಯಲ್ಲಿ ಕಾಕು ಹೇಳಿ ಕಳಿಸಿದಳು: "ಒಲಿ ಛಂದ ಬಂದದ. ಬಾಜೂಕ ಕೂತ ಎಮ್ಮಿ ಯಾರದು?"

ಕಲೆಯ ಮೇಲಿನ ಭಕ್ತಿ ಅಲ್ಲಿಗೆ ಮುಗಿಯಿತು. ಮರುದಿನ ಕಾಕಾ ನನ್ನಿಂದ ನಾಲ್ಕೇ ಅಕ್ಷರ ಕೇಳಿದ: ಮ, ನಿ, ಗಿ, ಬಾ. ನೆಲದ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದೆ. ಕಾಕಾ ಬಾಗಿಲು ಹಾಕಿಕೊಂಡ.

ವಾರದಲ್ಲಿ ಕಾಕು ಬಂದಳು.

"ಕಾಗದ ಬಂತೇನು ಕಾಕು?"

"ಯಾವ ಕಾಗದ? ಜ್ವಾಳದ ರಾಶಿಗಿ ಬಂದೀನಿ!"

ಕಾಕಾನನ್ನು ಕೇಳಿದರೆ ಲೇಖನಿ ಎತ್ತಿಕೊಂಡು ಬೇವಿನ ಮರದತ್ತ ನಡೆದ. ಹಾಗಾದರೆ ಬರೆದನೋ, ಇಲ್ಲವೋ? ಆ ನಾಲ್ಕು ಅಕ್ಷರವೂ ನನ್ನದೇ ಕಟ್ಟುಕತೆಯೋ? ಇಬ್ಬರೂ ಹೋದ ಮೇಲೆ ಕೇಳಲು ಯಾರೂ ಉಳಿಯಲಿಲ್ಲ.

ಮೊನ್ನೆ ಕಾಕುವಿನ ಪೆಟ್ಟಿಗೆ ತೆಗೆದೆ. ಸೀರೆಯ ಪದರದೊಳಗೆ ಒಂದು ಕಾಗದ. ಉರ್ದು ಬರೆದ ಕೈಯಲ್ಲವೇ, ಬಲ ಅಂಚಿನಿಂದ ಶುರುವಾಗಿ ಎಡಕ್ಕೆ ನಡೆದಿತ್ತು: ಬಾ ಗಿ ನಿ ಮ.

ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ಮಡಿಕೆಯುದ್ದಕ್ಕೂ ಕಾಗದ ಸವೆದು ತೂತಾಗಿತ್ತು.